ಅದಾರ್ ತಿಂಗಳು ಬಂದರೆ ಸಂತೋಷ ಹೆಚ್ಚು ಮಾಡಬೇಕು: ಯೆಹೂದಿಗಳ ಈ ಪದ್ಧತಿ ಬಗ್ಗೆ ಮಾತಾಡೋಣ ಬನ್ನಿ

ಬಜಪೆ_ಅಕ್ಕ

ಎಲ್ಲರಿಗೂ ನಮಸ್ಕಾರ. ಇಸ್ರೇಲಿನ ಹಬ್ಬಗಳ ಬಗ್ಗೆ ಬರೆಯಿರಿ ಅಂತ ಕೆಲವರು ಆಗಾಗ ಕೇಳುತ್ತಿದ್ದಿರಿ. ಈ 2026ರಲ್ಲಿ ಫೆಬ್ರವರಿ 18ಕ್ಕೆ ಅದಾರ್ ತಿಂಗಳ ಮೊದಲ ದಿನ. ಇನ್ನೇನು ಬಂದೇ ಬಿಟ್ಟಿತು, ಹಾಗಾಗಿ ಕೂತು ಬರೆಯುತ್ತಿದ್ದೇನೆ. ನಾನು ಇಸ್ರೇಲಿನ ರಮತ್ ಗನ್‌ನಲ್ಲಿ ಒಬ್ಬರು ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮ ಮಂಗಳೂರು, ಉಡುಪಿ ಕಡೆಯವರು ಈ ಕೆಲಸದಲ್ಲಿ ಇಲ್ಲಿ ಬಹಳ ಜನ ಇದ್ದಾರೆ. ನಾನು ಕ್ರೈಸ್ತಳು. ಈ ಮನೆಯಲ್ಲಿ ನೋಡಿದ್ದು, ಅಮ್ಮ ಹೇಳಿಕೊಟ್ಟಿದ್ದು, ಆಮೇಲೆ ಆಸಕ್ತಿ ಹುಟ್ಟಿ ಓದಿದ್ದು, ಇಷ್ಟನ್ನು ಇಟ್ಟುಕೊಂಡು ಬರೆಯುತ್ತೇನೆ.

ನಿಸಾನ್ ತಿಂಗಳಿಂದ ಎಣಿಸಿದರೆ ಅದಾರ್ 12ನೆಯದು, ಅಂದರೆ ಕೊನೆಯ ತಿಂಗಳು. ತಾಲ್ಮುದ್ ಅಂದರೆ ಯೆಹೂದಿ ಗುರುಗಳ ಮಾತು, ಚರ್ಚೆ, ನಿಯಮ ಸೇರಿದ ಹಳೆಯ ಗ್ರಂಥ. ತಾಲ್ಮುದ್‌ನ ತಾನಿತ್ ಭಾಗದಲ್ಲಿ ಒಂದು ಮಾತು ಬರುತ್ತದೆ. ಅವ್ ತಿಂಗಳು ಬಂದಾಗ ಸಂತೋಷ ಹೇಗೆ ಕಡಿಮೆ ಮಾಡುತ್ತೇವೋ ಹಾಗೆಯೇ ಅದಾರ್ ಬಂದಾಗ ಸಂತೋಷ ಹೆಚ್ಚು ಮಾಡಬೇಕು ಅಂತ. ಅವ್ ಅಂದರೆ ಜೆರುಸಲೇಮಿನ ಎರಡೂ ದೇವಾಲಯ ನಾಶವಾದದ್ದನ್ನು ನೆನೆದು ಶೋಕ ಮಾಡುವ ತಿಂಗಳು. ಅದಾರ್ ಅಂದರೆ, ಯೆಹೂದಿಗಳು ಸಾವಿನಿಂದ ಪಾರಾದದ್ದನ್ನು ನೆನೆಯುವ ಪೂರಿಮ್ ಹಬ್ಬದ ತಿಂಗಳು. ಇಲ್ಲಿ ಶಾಲೆ ಗೋಡೆ, ಬೇಕರಿ ಬಾಗಿಲು, ಬಸ್ ಸ್ಟಾಪ್, ಎಲ್ಲಿ ನೋಡಿದರೂ ಅದೇ ಸಾಲು ಬರೆದಿರುತ್ತಾರೆ: 'ಮಿಶೆನಿಖ್ನಸ್ ಅದಾರ್ ಮರ್ಬಿನ್ ಬೆಸಿಮ್ಖಾ'. ಮಕ್ಕಳು ಅದನ್ನೇ ಹಾಡಿಕೊಂಡು ಓಡಾಡುತ್ತಾರೆ.

ಸಂತೋಷ ಕ್ಯಾಲೆಂಡರ್ ನೋಡಿಕೊಂಡು ಬರುತ್ತದಾ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಮನೆಯಲ್ಲಿ ಸಾವಾಗಿರುತ್ತೆ, ಸಾಲ ಇರುತ್ತೆ, ದೇಶದಲ್ಲಿ ಯುದ್ಧ ಇರುತ್ತೆ. 'ಇವತ್ತಿಂದ ಖುಷಿಯಾಗಿರು' ಅಂದರೆ ಹೇಗೆ? ನಾನು ಇಲ್ಲಿ ನೋಡಿ ತಿಳಿದುಕೊಂಡದ್ದು ಇಷ್ಟು. ಇವರು ಮನಸ್ಸಿಗೆ ಖುಷಿ ಬರಲಿ ಅಂತ ಕಾಯುವುದಿಲ್ಲ. ಇಂಥವರಿಗೆ ಊಟ ಕೊಡು, ಇಷ್ಟು ಜನ ಬಡವರಿಗೆ ದುಡ್ಡು ಕೊಡು, ಕೂತು ಕಥೆ ಕೇಳು, ನೆಂಟರನ್ನು ಕರೆದು ಉಣ್ಣು ಅಂತ ಕೈಗೆ ಕೆಲಸ ಕೊಟ್ಟಿದ್ದಾರೆ. ಸಂತೋಷ ಅನ್ನುವುದನ್ನು ಮಾಡಬೇಕು, ಅದರಲ್ಲೂ ಬೇರೆಯವರಿಗೆ ಮಾಡಬೇಕು. ಈ ತಿಂಗಳ ಜೀವಾಳ ಇದೇ ಅಂತ ನನಗೆ ಅನಿಸಿದೆ.

ಪೂರಿಮ್ ದಿನ ಮಾಡಲೇಬೇಕಾದ ಕೆಲಸ ನಾಲ್ಕು. ಎಸ್ತೇರಳ ಗ್ರಂಥ, ಅಂದರೆ ಮೆಗಿಲ್ಲಾ, ರಾತ್ರಿ ಒಮ್ಮೆ ಹಗಲು ಒಮ್ಮೆ ಕೇಳಬೇಕು. ಒಬ್ಬರಿಗಾದರೂ ಎರಡು ಬಗೆಯ ತಿನ್ನುವ ಪದಾರ್ಥ ಕಳಿಸಬೇಕು, ಇದಕ್ಕೆ ಮಿಶ್ಲೋಆಖ್ ಮಾನೋತ್ ಅನ್ನುತ್ತಾರೆ. ಕಡಿಮೆ ಅಂದರೂ ಇಬ್ಬರು ಬಡವರಿಗೆ ದಾನ ಕೊಡಬೇಕು. ಹಗಲು ಹೊತ್ತಿನಲ್ಲೇ ಹಬ್ಬದೂಟ ಆಗಬೇಕು. ಇದು ಯಾರೋ ಆಮೇಲೆ ಸೇರಿಸಿದ್ದಲ್ಲ. ಎಸ್ತೇರಳ ಗ್ರಂಥದ 9ನೇ ಅಧ್ಯಾಯದಲ್ಲೇ ಒಬ್ಬರಿಗೊಬ್ಬರು ತಿಂಡಿ ಕಳಿಸಿ, ಬಡವರಿಗೆ ದಾನ ಕೊಡಿ ಅಂತ ಇದೆ.

ಗೊತ್ತಿರುವವರು ಸೇರಿಸಿ, ಗೊತ್ತಿಲ್ಲದವರು ಕೇಳಿ.

ಪಂಚಾಂಗ_ಪ್ರಿಯ

ಅಕ್ಕ, ಒಳ್ಳೆ ವಿಷಯ ಎತ್ತಿದ್ದೀರಿ. ನನ್ನ ಆಸಕ್ತಿ ಲೆಕ್ಕದ ಕಡೆಗೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಹಾಗೆ ಯೆಹೂದಿಗಳದ್ದೂ ಚಂದ್ರನ ತಿಂಗಳು, ಸೂರ್ಯನ ವರ್ಷ. ಹನ್ನೆರಡು ಚಾಂದ್ರಮಾಸ ಕೂಡಿದರೆ ಸುಮಾರು 354 ದಿನ ಆಗುತ್ತೆ. ಸೌರ ವರ್ಷಕ್ಕೆ 11 ದಿನ ಕಡಿಮೆ ಬಿತ್ತು. ಹಾಗೇ ಬಿಟ್ಟರೆ ವಸಂತದಲ್ಲಿ ಬರಬೇಕಾದ ಅವರ ಪೆಸಾಖ್ ಹಬ್ಬ ಜಾರುತ್ತಾ ಜಾರುತ್ತಾ ಚಳಿಗಾಲಕ್ಕೆ ಹೋಗುತ್ತೆ. ಅದಕ್ಕೇ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ಆ ಸುತ್ತಿನ 3, 6, 8, 11, 14, 17, 19ನೇ ವರ್ಷಗಳಲ್ಲಿ.

ನಮ್ಮ ಅಧಿಕ ಮಾಸವೂ ಹೆಚ್ಚುಕಡಿಮೆ ಇದೇ ಲೆಕ್ಕ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಯಾವ ಚಾಂದ್ರಮಾಸದಲ್ಲಿ ಸಂಕ್ರಾಂತಿ ಬೀಳುವುದಿಲ್ಲವೋ ಅದೇ ಅಧಿಕ, ಹಾಗಾಗಿ ಬೇರೆ ಬೇರೆ ತಿಂಗಳು ಬರುತ್ತೆ. 2023ರಲ್ಲಿ ಅಧಿಕ ಶ್ರಾವಣ ಇತ್ತು, ಈ 2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಅವರಲ್ಲಿ ಯಾವಾಗಲೂ ಹೆಚ್ಚುವುದು ಅದಾರ್ ಒಂದೇ. ಮೊದಲ ಅದಾರ್‌ಗೆ 30 ದಿನ, ಎರಡನೆಯದಕ್ಕೆ 29. ಪೂರಿಮ್ ಮಾಡುವುದು ಎರಡನೆಯದರಲ್ಲಿ. ನಾವು ಹಬ್ಬಗಳನ್ನೆಲ್ಲ ನಿಜ ಮಾಸಕ್ಕೆ ಇಟ್ಟುಕೊಳ್ಳುವುದು ಇಲ್ಲಿ ನೆನಪಾಗುತ್ತೆ.

ಅವರ ಲೆಕ್ಕದ 5784ನೇ ವರ್ಷದಲ್ಲಿ, ಅಂದರೆ 2024ರ ಆರಂಭದಲ್ಲಿ, ಎರಡು ಅದಾರ್ ಬಂದವು. ಮುಂದಿನದು 5787, ಅಂದರೆ 2027ರಲ್ಲಿ.

ನನಗೆ ಇದರಲ್ಲಿ ಇಷ್ಟವಾಗುವ ಸಂಗತಿ ಬೇರೆ. ನಮ್ಮಲ್ಲಿ ಅಧಿಕ ಮಾಸ ಅಂದರೆ ಮದುವೆ ಮುಂಜಿ ಇಲ್ಲ, ದಾನ ಜಪಕ್ಕೆ ಮಾತ್ರ ಒಳ್ಳೆಯದು ಅಂತ ಇದೆ. ಅವರು ವರ್ಷದಲ್ಲಿ ಹೆಚ್ಚಿಗೆ ಮಾಡಲು ಆರಿಸಿಕೊಂಡದ್ದು ಸಂತೋಷದ ತಿಂಗಳನ್ನು. ಅರವತ್ತು ದಿನ ಪೂರ್ತಿ ಖುಷಿಯಾಗಿರಬೇಕು ಅಂತ ಅವರಲ್ಲಿ ಕೆಲವು ಗುರುಗಳು ಹೇಳುತ್ತಾರೆ.

ಹುಬ್ಬಳ್ಳಿ_ಮೇಷ್ಟ್ರು

ಅಕ್ಕಾವ್ರೇ, ಪೂರಿಮ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಕಥೆಯನ್ನೂ ಸ್ವಲ್ಪ ಹೇಳಿಬಿಡಿ. ಬೈಬಲ್ ಓದಿದವರಿಗೆ ಎಸ್ತೇರಳ ಹೆಸರು ಗೊತ್ತು, ಉಳಿದವರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಪ್ರಶ್ನೆ: ಆ ಗ್ರಂಥದಲ್ಲಿ ದೇವರ ಹೆಸರೇ ಇಲ್ಲ ಅಂತ ಎಲ್ಲೋ ಕೇಳಿದ್ದೆ. ಧರ್ಮಗ್ರಂಥದಲ್ಲಿ ದೇವರೇ ಇಲ್ಲ ಅಂದರೆ ಅದಕ್ಕೆ ಆಧ್ಯಾತ್ಮಿಕ ಅರ್ಥ ಎಲ್ಲಿಂದ ಬಂತು?

ಬಜಪೆ_ಅಕ್ಕ

ಮೇಷ್ಟ್ರೇ, ಹೇಳುತ್ತೇನೆ. ಪರ್ಷಿಯದ ರಾಜ ಅಹಷ್ವೇರೋಷ. ಅವನ ರಾಜ್ಯ ಹಿಂದೂಸ್ಥಾನದಿಂದ ಕೂಷ್ ತನಕ, 127 ಸಂಸ್ಥಾನ. ಹೌದು, ಗ್ರಂಥದ ಮೊದಲ ವಾಕ್ಯದಲ್ಲೇ ನಮ್ಮ ದೇಶದ ಹೆಸರು ಬರುತ್ತದೆ, ಹೀಬ್ರೂನಲ್ಲಿ 'ಹೋದು'. ಮೆಗಿಲ್ಲಾ ಓದುವಾಗ ಆ ಪದ ಬಂದ ತಕ್ಷಣ ಅಮ್ಮ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾರೆ.

ರಾಜನ ಮಂತ್ರಿ ಹಾಮಾನ್. ಮೊರ್ದೆಕೈ ಅನ್ನುವ ಯೆಹೂದಿ ಅವನಿಗೆ ತಲೆಬಾಗುವುದಿಲ್ಲ. ಆ ಸಿಟ್ಟಿಗೆ ರಾಜ್ಯದಲ್ಲಿರುವ ಯೆಹೂದಿಗಳನ್ನೆಲ್ಲ ಒಂದೇ ದಿನ ಕೊಲ್ಲಿಸಬೇಕು ಅಂತ ಹಾಮಾನ್ ಹೊರಡುತ್ತಾನೆ. ಯಾವ ದಿನ ಅಂತ ನಿಸಾನ್ ತಿಂಗಳಲ್ಲಿ ಚೀಟಿ ಹಾಕಿಸುತ್ತಾನೆ. ಅದು ಬಿದ್ದದ್ದು ಅದಾರ್ 13ಕ್ಕೆ. ಆ ಚೀಟಿಗೆ 'ಪುರ್' ಅಂತ ಹೆಸರು, ಹಬ್ಬದ ಹೆಸರು ಬಂದದ್ದು ಅದರಿಂದಲೇ. ಮೊರ್ದೆಕೈ ಸಾಕಿ ಬೆಳೆಸಿದ ಅನಾಥ ಹುಡುಗಿ ಎಸ್ತೇರ್, ಅವನ ಚಿಕ್ಕಪ್ಪನ ಮಗಳು, ಅಷ್ಟು ಹೊತ್ತಿಗೆ ರಾಣಿ ಆಗಿರುತ್ತಾಳೆ. ತಾನು ಯೆಹೂದಿ ಅಂತ ಅರಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ಕರೆಯದೆ ರಾಜನ ಎದುರು ಹೋದರೆ ತಲೆ ಹೋಗುವ ಕಾನೂನು. ಮೂರು ದಿನ ಉಪವಾಸ ಮಾಡಿ ಹೋಗುತ್ತಾಳೆ. ಎರಡು ಸಲ ರಾಜನನ್ನೂ ಹಾಮಾನನನ್ನೂ ಊಟಕ್ಕೆ ಕರೆದು, ಎರಡನೇ ಸಲ ಬಾಯಿ ಬಿಡುತ್ತಾಳೆ. ಮೊರ್ದೆಕೈಗೆ ಅಂತ ಹಾಮಾನ್ ನಿಲ್ಲಿಸಿದ್ದ ಗಲ್ಲಿಗಂಬಕ್ಕೆ ಹಾಮಾನನನ್ನೇ ಏರಿಸುತ್ತಾರೆ.

ಈಗ ನಿಮ್ಮ ಪ್ರಶ್ನೆ. ನಿಜ, ಇಡೀ ಗ್ರಂಥದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಸಮುದ್ರ ಇಬ್ಭಾಗ ಆಗುವುದಿಲ್ಲ, ಆಕಾಶದಿಂದ ಬೆಂಕಿ ಬೀಳುವುದಿಲ್ಲ. ಬದಲಿಗೆ ಏನಾಗುತ್ತೆ ನೋಡಿ. ಒಂದು ರಾತ್ರಿ ರಾಜನಿಗೆ ನಿದ್ದೆ ಬರುವುದಿಲ್ಲ. ಸುಮ್ನೆ ಹಳೆ ದಫ್ತರ ಓದಿಸುತ್ತಾನೆ. ಹಿಂದೊಮ್ಮೆ ಮೊರ್ದೆಕೈ ತನ್ನ ಪ್ರಾಣ ಉಳಿಸಿದ್ದ ವಿಷಯ ಅದರಲ್ಲಿ ಸಿಗುತ್ತೆ. ಅದೇ ಹೊತ್ತಿಗೆ ಹಾಮಾನ್, ಮೊರ್ದೆಕೈಯನ್ನು ಗಲ್ಲಿಗೇರಿಸಲು ಒಪ್ಪಿಗೆ ಕೇಳಲು ಬಾಗಿಲಿಗೆ ಬಂದಿರುತ್ತಾನೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಬರೀ ಕಾಕತಾಳೀಯ. ಎಲ್ಲ ಜೋಡಿಸಿದರೆ ಯಾರೋ ಹಿಂದೆ ನಿಂತು ನಡೆಸಿದ ಹಾಗೆ. ದೇವರು ಕಾಣದೆ ಇದ್ದ ಕಾಲದಲ್ಲೂ ಇದ್ದ ಅನ್ನುವುದು ಈ ಹಬ್ಬದ ನಂಬಿಕೆ. ವೇಷ ಹಾಕುವುದಕ್ಕೂ, ಮುಖವಾಡಕ್ಕೂ ಇದೇ ಕಾರಣ ಕೊಡುತ್ತಾರೆ. ಒಳಗಿರುವವರು ಹೊರಗೆ ಕಾಣುವುದಿಲ್ಲ, ಅಷ್ಟೇ.

ಅದಾರ್‌ನ ರಾಶಿ ಮೀನ. ನೀರೊಳಗಿರುವ ಮೀನಿಗೆ ದೃಷ್ಟಿ ತಾಗುವುದಿಲ್ಲ ಅಂತ ತಾಲ್ಮುದ್‌ನಲ್ಲಿದೆ. ಮರೆಯಲ್ಲಿರುವುದಕ್ಕೆ ರಕ್ಷಣೆ ಇದೆ ಅನ್ನುವ ಅರ್ಥದಲ್ಲಿ ಇದನ್ನೂ ಈ ತಿಂಗಳಿಗೆ ಸೇರಿಸಿ ಹೇಳುವವರಿದ್ದಾರೆ. ನಮ್ಮ ಕರಾವಳಿಯವರಿಗೆ ಮೀನು ಅಂದರೆ ಬೇರೆ ನೆನಪು ಬರುತ್ತೆ, ಅದಿರಲಿ.

ಹಾಮಾನನ ಲೆಕ್ಕಾಚಾರದ ಬಗ್ಗೆಯೂ ತಾಲ್ಮುದ್‌ನಲ್ಲಿ ಒಂದು ಮಾತಿದೆ. ಚೀಟಿ ಅದಾರ್‌ಗೆ ಬಿದ್ದಾಗ ಅವನಿಗೆ ಬಹಳ ಸಂತೋಷ ಆಯಿತಂತೆ, ಯಾಕೆಂದರೆ ಯೆಹೂದಿಗಳ ಮಹಾ ಪ್ರವಾದಿ ಮೋಶೆ ಸತ್ತದ್ದು ಅದೇ ತಿಂಗಳಲ್ಲಿ. ಅದಾರ್ 7ರಂದು ಸತ್ತ ಮೋಶೆ ಹುಟ್ಟಿದ್ದೂ ಅದಾರ್ 7ಕ್ಕೇ ಅಂತ ಅವನಿಗೆ ಗೊತ್ತಿರಲಿಲ್ಲ.

ಠಾಣೆ_ಕನ್ನಡಿಗ

ನಾನು ಹುಟ್ಟಿ ಬೆಳೆದದ್ದು ಠಾಣೆಯಲ್ಲಿ, ಅಪ್ಪ ವಿಜಯಪುರದವರು. ನಮ್ಮ ಠಾಣೆಯಲ್ಲಿ ಬೆನೆ ಇಸ್ರೇಲ್ ಅನ್ನುವ ಯೆಹೂದಿ ಸಮುದಾಯದವರು ತಲೆಮಾರುಗಳಿಂದ ಇದ್ದಾರೆ. 1879ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಇದೆ. ಅವರ ಮನೆಮಾತು ಮರಾಠಿ. ಪೂರಿಮ್‌ಗೆ ಹಿಂದೆ ಅವರಲ್ಲಿ 'ಹೋಳಿಚಾ ಸಣ' ಅಂತಲೇ ಹೆಸರಿತ್ತು, ಅಂದರೆ ಹೋಳಿ ಹಬ್ಬ. ಕೊಂಕಣದ ಹಳ್ಳಿಗಳಲ್ಲಿ ಸುತ್ತ ಎಲ್ಲರೂ ಹೋಳಿ ಮಾಡುವ ಹೊತ್ತಿಗೇ ಇವರ ಹಬ್ಬವೂ ಬರುತ್ತಿತ್ತಲ್ಲ. ಆ ದಿನ ಪೂರಣ ಪೋಳಿ ಮಾಡುವ ಮನೆಗಳಿವೆ. ನಮ್ಮಮ್ಮ ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡುತ್ತಿದ್ದರು, ಹಾಗಾಗಿ ಚಿಕ್ಕಂದಿನಲ್ಲಿ ನನಗೆ ಅದು ಬೇರೆ ಹಬ್ಬ ಅಂತ ಅನಿಸುತ್ತಲೇ ಇರಲಿಲ್ಲ.

ಪಂಚಾಂಗ_ಪ್ರಿಯ

ಠಾಣೆಯವರು ಹೇಳಿದ್ದಕ್ಕೆ ಲೆಕ್ಕದ ಆಧಾರವೂ ಇದೆ. ಪೂರಿಮ್ ಅದಾರ್ 14ಕ್ಕೆ, ಅಂದರೆ ಹುಣ್ಣಿಮೆಯ ಆಸುಪಾಸು. ಹೋಳಿ ಫಾಲ್ಗುಣ ಹುಣ್ಣಿಮೆಗೆ. 2025ರಲ್ಲಿ ಎರಡೂ ಮಾರ್ಚ್ 14ಕ್ಕೇ ಬಂದವು. ಈ ವರ್ಷ ಪೂರಿಮ್ ಮಾರ್ಚ್ 3ಕ್ಕೆ, ಅಂದೇ ನಮ್ಮ ಹುಣ್ಣಿಮೆ. ಅಧಿಕ ಮಾಸದ ಹೆಚ್ಚುಕಡಿಮೆಯಿಂದ ಕೆಲವು ವರ್ಷ ಒಂದು ತಿಂಗಳೇ ಆಚೀಚೆ ಆಗುವುದುಂಟು. 2021ರಲ್ಲಿ ಪೂರಿಮ್ ಫೆಬ್ರವರಿ 26ಕ್ಕೆ, ಹೋಳಿ ಮಾರ್ಚ್ 29ಕ್ಕೆ.

ಹುಬ್ಬಳ್ಳಿ_ಮೇಷ್ಟ್ರು

ನಮ್ಮ ಕಡೆ ಕಾಮಣ್ಣನನ್ನು ಸುಡುವುದು, ಹಲಗೆ ಬಡಿಯುವುದು ಎಲ್ಲ ನೆನಪಾಯಿತು. ಅಲ್ಲಿಯೂ ಗದ್ದಲ ಮಾಡುತ್ತಾರಾ ಅಕ್ಕಾವ್ರೇ?

ಬಜಪೆ_ಅಕ್ಕ

ಗದ್ದಲ ಅಂದರೆ ಗದ್ದಲ ಮೇಷ್ಟ್ರೇ! ಹಾಮಾನನ ಬೊಂಬೆ ಮಾಡಿ ಸುಡುವ ಪದ್ಧತಿ ಹಿಂದೆ ಕೆಲವು ದೇಶಗಳ ಯೆಹೂದಿಗಳಲ್ಲಿ ಇತ್ತು. ಈಗ ಮುಖ್ಯವಾಗಿ ಶಬ್ದ. ಮೆಗಿಲ್ಲಾದಲ್ಲಿ ಹಾಮಾನನ ಹೆಸರು 54 ಸಲ ಬರುತ್ತೆ. ಬಂದಾಗಲೆಲ್ಲ ಗಿರಗಟ್ಟೆ ತಿರುಗಿಸುತ್ತಾರೆ, ಕಾಲು ಬಡಿಯುತ್ತಾರೆ, ಶಿಳ್ಳೆ ಹಾಕುತ್ತಾರೆ. ಆ ಹೆಸರು ಅಳಿಸಿ ಹೋಗಲಿ ಅಂತ.

ನಮ್ಮ ಅಮ್ಮನಿಗೆ ಸಿನಗಾಗ್‌ಗೆ ಹೋಗಲು ಆಗುವುದಿಲ್ಲ. ಹಾಗಾಗಿ ಒಬ್ಬರು ಮನೆಗೇ ಬಂದು ಓದುತ್ತಾರೆ. ಹಾಸಿಗೆ ಹಿಡಿದವರಿಗೆ, ಆಸ್ಪತ್ರೆಯಲ್ಲಿ ಇರುವವರಿಗೆ ಹೀಗೆ ಹೋಗಿ ಓದುವುದು ಇಲ್ಲಿ ದೊಡ್ಡ ಸೇವೆ. ಬಂದವರು ಚರ್ಮದ ಸುರುಳಿ ಬಿಚ್ಚಿ, ಅದನ್ನು ಪತ್ರದ ಹಾಗೆ ಮಡಚಿ ಮಡಚಿ ಇಡುತ್ತಾರೆ. ಎಸ್ತೇರಳೂ ಮೊರ್ದೆಕೈಯೂ ಊರೂರಿಗೆ ಕಳಿಸಿದ ಪತ್ರ ಅಲ್ವಾ ಅದು, ಅದಕ್ಕೆ. ಅಮ್ಮ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಮುಂದೆ ವಾಕರ್, ಕೈಯಲ್ಲಿ ಸ್ಟೀಲ್ ಸೌಟು. ಕಿವಿ ಮಂದ, ಹಾಗಾಗಿ ಓದುವವರ ತುಟಿಯನ್ನೇ ನೋಡುತ್ತಿರುತ್ತಾರೆ. ಹಾಮಾನ್ ಅಂದದ್ದೇ ತಡ, ವಾಕರ್‌ನ ಕಂಬಿ ಮೇಲೆ ಸೌಟಿನಿಂದ ಟಣಟಣ ಬಾರಿಸುತ್ತಾರೆ. ಓದುವವರು ನಿಲ್ಲಿಸಿ ಕಾಯುತ್ತಾರೆ, ಒಂದು ಪದವೂ ತಪ್ಪಿ ಹೋಗಬಾರದು ಅಂತ ನಿಯಮ. ಸೌಟು ನಿಂತ ಮೇಲೆ ಮುಂದಿನ ಪದ. ಹಾಮಾನನ ಹತ್ತು ಮಕ್ಕಳ ಹೆಸರನ್ನು ಮಾತ್ರ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ.

ಬೇರೆ ದಿನ ಊಟಕ್ಕೂ ಎಬ್ಬಿಸಿ ಕೂರಿಸುವುದು ಕಷ್ಟ. ಆ ದಿನ ಅಷ್ಟು ಹೊತ್ತು ಒರಗದೆ ಕೂರುತ್ತಾರೆ.

ನೇರಮಾತು

ಎಲ್ಲ ಚೆನ್ನಾಗಿದೆ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಅದೇ 9ನೇ ಅಧ್ಯಾಯದಲ್ಲಿ ಯೆಹೂದಿಗಳು 75,000 ಜನ ಶತ್ರುಗಳನ್ನು ಕೊಂದರು ಅಂತಲೂ ಇದೆ. 1994ರ ಪೂರಿಮ್ ದಿನವೇ ಹೆಬ್ರಾನ್‌ನಲ್ಲಿ ಒಬ್ಬ ಯೆಹೂದಿ, ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಜೊತೆಗೆ ಕುಡಿತ. ಗೊತ್ತಾಗದಷ್ಟು ಕುಡಿಯಬೇಕು ಅಂತ ಧರ್ಮವೇ ಹೇಳುತ್ತದೆ ಅಂದರೆ ಅದು ಎಂಥ ಆಧ್ಯಾತ್ಮ? ಇದನ್ನು ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಬಜಪೆ_ಅಕ್ಕ

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಮರೆಮಾಚುವುದಿಲ್ಲ.

ಗ್ರಂಥದಲ್ಲಿ ಆ ಸಂಖ್ಯೆ ಇದೆ. ಯೆಹೂದಿಗಳನ್ನು ಕೊಲ್ಲಲು ಹಾಮಾನ್ ಹೊರಡಿಸಿದ್ದ, ರಾಜಮುದ್ರೆ ಬಿದ್ದ ಮೊದಲ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಹಾಗಾಗಿ ಕೊಲ್ಲಲು ಬಂದವರ ಎದುರು ನಿಂತು ಹೋರಾಡಬಹುದು ಅಂತ ಎರಡನೇ ಆಜ್ಞೆ ಹೊರಡುತ್ತದೆ. ಕಥೆಯೊಳಗಿನ ಕಾರಣ ಅದು. ಕೊಳ್ಳೆಗೆ ಕೈ ಹಾಕಲಿಲ್ಲ ಅಂತ ಮೂರು ಸಲ ಬರೆದಿದೆ. ಇಷ್ಟು ಹೇಳಿದರೂ ಓದುವಾಗ ಮನಸ್ಸಿಗೆ ಭಾರ ಆಗುತ್ತೆ, ಯೆಹೂದಿಗಳಲ್ಲೇ ಅನೇಕರಿಗೆ ಆಗುತ್ತೆ. ಹೆಬ್ರಾನ್‌ನಲ್ಲಿ ಆದದ್ದು ಘೋರ ಪಾಪ, ಅದಕ್ಕೆ ಬೇರೆ ಮಾತಿಲ್ಲ. ಅವತ್ತಿನ ಪ್ರಧಾನಿ ಯಿತ್ಸಾಕ್ ರಬಿನ್ ಸಂಸತ್ತಿನಲ್ಲೇ ಅದನ್ನು ಖಂಡಿಸಿದರು. ಹಬ್ಬದ ಯಾವ ಭಾಗವನ್ನು ಹಿಡಿದುಕೊಳ್ಳುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ. ಈ ಮನೆಯಲ್ಲಿ ಸಂಭ್ರಮ ಅಂದರೆ ಶತ್ರು ಸತ್ತ ಅಂತಲ್ಲ, ನಾವು ಉಳಿದೆವು ಅಂತ. ಹಬ್ಬ ಮಾಡುವುದು ಕಾಳಗ ನಡೆದ 13ಕ್ಕೂ ಅಲ್ಲ, ಕಾಳಗ ಮುಗಿದು ಸುಮ್ಮನಾದ 14ಕ್ಕೆ. 13ನೇ ದಿನ ಉಪವಾಸ ಮಾಡುತ್ತಾರೆ, ಎಸ್ತೇರಳ ಉಪವಾಸ.

ಕುಡಿತದ ಬಗ್ಗೆ. 'ಹಾಮಾನನಿಗೆ ಶಾಪ, ಮೊರ್ದೆಕೈಗೆ ಹರಸು' ಇವೆರಡರ ನಡುವಿನ ವ್ಯತ್ಯಾಸ ತಿಳಿಯದಷ್ಟು ಕುಡಿಯಬೇಕು ಅಂತ ರಾವಾ ಅನ್ನುವ ಗುರು ಹೇಳಿದ್ದು ತಾಲ್ಮುದ್‌ನಲ್ಲಿದೆ. ಅದರ ಬೆನ್ನಿಗೇ ಇನ್ನೊಂದು ಕಥೆ ಇಟ್ಟಿದ್ದಾರೆ. ರಬ್ಬಾ ಮತ್ತು ರಬ್ಬಿ ಜೇರಾ ಅನ್ನುವ ಇಬ್ಬರು ಜೊತೆಗೆ ಪೂರಿಮ್ ಊಟ ಮಾಡುತ್ತಾರೆ. ಕುಡಿದ ಅಮಲಿನಲ್ಲಿ ರಬ್ಬಾ ಎದ್ದು ಜೇರಾನ ಕುತ್ತಿಗೆ ಕೊಯ್ಯುತ್ತಾನೆ. ಮಾರನೇ ದಿನ ಪ್ರಾರ್ಥನೆ ಮಾಡಿ ಬದುಕಿಸಿಕೊಳ್ಳುತ್ತಾನೆ. ಮುಂದಿನ ವರ್ಷ ಮತ್ತೆ ಊಟಕ್ಕೆ ಕರೆದಾಗ ಜೇರಾ ಬರುವುದಿಲ್ಲ ಅನ್ನುತ್ತಾನೆ, ಪವಾಡ ಪ್ರತಿ ಸಲ ಆಗುವುದಿಲ್ಲ ಅಂತ. ಈ ಕಥೆ ಅಲ್ಲಿ ಇರುವುದೇ ಮಿತಿ ಮೀರಬೇಡಿ ಅಂತ ಹೇಳುವುದಕ್ಕೆ ಅಂತ ಅನೇಕ ಪಂಡಿತರು ಓದುತ್ತಾರೆ. ದಿನಕ್ಕಿಂತ ಸ್ವಲ್ಪ ಜಾಸ್ತಿ ಕುಡಿದು ಮಲಗಿಬಿಡು, ನಿದ್ದೆಯಲ್ಲಿ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ ಅಂತ ಆಚಾರದ ಗ್ರಂಥದಲ್ಲೂ ದಾರಿ ಕೊಟ್ಟಿದ್ದಾರೆ. ನಮ್ಮ ಅಮ್ಮ ಅರ್ಧ ಲೋಟ ಸಿಹಿ ವೈನ್ ಕುಡಿದು ಮಲಗುತ್ತಾರೆ.

ನೇರಮಾತು

ಉತ್ತರ ಕೊಟ್ಟದ್ದಕ್ಕೆ ಧನ್ಯವಾದ. 13 ಮತ್ತು 14ರ ವಿಷಯ ಗೊತ್ತಿರಲಿಲ್ಲ. ಜೆರುಸಲೇಮಿನಲ್ಲಿ 15ಕ್ಕೆ ಅಂತ ಕೇಳಿದ್ದೆ?

ಬಜಪೆ_ಅಕ್ಕ

ಹೌದು. ಶೂಷನ್ ರಾಜಧಾನಿಯಲ್ಲಿ ಕಾಳಗ ಇನ್ನೊಂದು ದಿನ ನಡೆಯಿತು, ಅಲ್ಲಿಯವರು 15ಕ್ಕೆ ವಿಶ್ರಾಂತಿ ಪಡೆದರು. ಅದಕ್ಕೇ ಮೋಶೆಯ ನಂತರದ ನಾಯಕ ಯೆಹೋಶುವನ ಕಾಲದಿಂದ ಕೋಟೆ ಇದ್ದ ಊರುಗಳಲ್ಲಿ 15ಕ್ಕೆ ಹಬ್ಬ. ಜೆರುಸಲೇಮ್ ಅಂಥ ಊರು. ನಮ್ಮವರಲ್ಲಿ ರಜೆ ಸಿಕ್ಕವರು ಒಂದು ದಿನ ಇಲ್ಲಿ, ಮರುದಿನ ಅಲ್ಲಿ ಅಂತ ಎರಡೂ ನೋಡುತ್ತಾರೆ.

ಕಂಟೋನ್ಮೆಂಟ್_ನಿವಾಸಿ

ಬೆಂಗಳೂರಿನಲ್ಲೂ ಯೆಹೂದಿಗಳ ಗುರುತು ಇದೆ. ಮೈಸೂರು ರಸ್ತೆಯಲ್ಲಿ ಅವರ ಒಂದು ಸಣ್ಣ ಸ್ಮಶಾನ ಇದೆ, 1904ರದ್ದು. ಮಂಗಳೂರಿನ ನಂಟು ಇನ್ನೂ ಹಳೆಯದು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಟ್ಯುನೀಷಿಯ ಮೂಲದ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ, ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. 1132ರಲ್ಲಿ ಆಶು ಅನ್ನುವ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಅವನ ಕಾಗದಗಳೆಲ್ಲ ಕೈರೋದ ಹಳೆ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡು, ಮುಂದೆ ವಿದ್ವಾಂಸರ ಕೈಗೆ ಸಿಕ್ಕವು. ಬಜಪೆ ಅಕ್ಕನ ಊರಿಗೆ ಅದಾರ್ ಹೊಸದಲ್ಲ ಅಂತ ಹೇಳಲಿಕ್ಕೆ ಬರೆದೆ.

ಬಜಪೆ_ಅಕ್ಕ

ಎಷ್ಟು ಒಳ್ಳೆ ವಿಷಯ ಹೇಳಿದಿರಿ ಮಾರಾಯ್ರೇ! ಅದೇ ಶತಮಾನದ ಇನ್ನೊಬ್ಬರ ವಿಷಯ ನಾನು ಹೇಳಲೇಬೇಕು. ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು.

ಮೈಮೋನಿಡಿಸ್, ಇಲ್ಲಿಯವರ ಬಾಯಲ್ಲಿ ರಂಬಾಮ್. ಈಜಿಪ್ಟಿನಲ್ಲಿದ್ದ ದೊಡ್ಡ ಗುರು, ವೈದ್ಯರು ಕೂಡ. ಅವರ ತಮ್ಮ ದಾವಿದ್ ಆಭರಣ, ಹರಳುಗಳ ವ್ಯಾಪಾರಿ. ಇಡೀ ಮನೆ ನಡೆಯುತ್ತಿದ್ದದ್ದು ಅವನ ದುಡಿಮೆಯಿಂದ. ನಮ್ಮ ದೇಶದ ಕಡೆ ವ್ಯಾಪಾರಕ್ಕೆ ಹೊರಟವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಹೆಂಡತಿ ಮತ್ತು ಪುಟ್ಟ ಮಗಳನ್ನು ಅಣ್ಣನ ಪಾಲಿಗೆ ಬಿಟ್ಟು ಹೋದ. ಆ ದುಃಖದಲ್ಲಿ ರಂಬಾಮ್ ಸುಮಾರು ಒಂದು ವರ್ಷ ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಇದನ್ನು ಅವರೇ ಆಮೇಲೆ ಒಂದು ಪತ್ರದಲ್ಲಿ ಬರೆದಿದ್ದಾರೆ.

ಇದೇ ರಂಬಾಮ್ ಪೂರಿಮ್ ನಿಯಮಗಳನ್ನು ಬರೆಯುವಾಗ ಒಂದು ಮಾತು ಹೇಳುತ್ತಾರೆ. ಹಬ್ಬದೂಟಕ್ಕೆ, ಸ್ನೇಹಿತರಿಗೆ ಕಳಿಸುವ ತಿಂಡಿಗೆ ಜಾಸ್ತಿ ಖರ್ಚು ಮಾಡುವುದಕ್ಕಿಂತ ಬಡವರಿಗೆ ಜಾಸ್ತಿ ಕೊಡುವುದು ಮೇಲು. ಬಡವರು, ಅನಾಥರು, ವಿಧವೆಯರು, ಪರಊರಿಂದ ಬಂದು ನೆಲೆಸಿದವರು, ಇವರ ಮನಸ್ಸಿಗೆ ಸಂತೋಷ ಕೊಡುವುದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ. ಅವರ ಮನೆಯಲ್ಲೇ ವಿಧವೆ ಇದ್ದಳು, ಅನಾಥ ಮಗು ಇತ್ತು. ಈ ಸಾಲು ಓದುವಾಗಲೆಲ್ಲ ನನಗೆ ಅದು ನೆನಪಾಗುತ್ತೆ.

ಈ ದಾನದ ನಿಯಮ ನೋಡಿ ಎಷ್ಟು ಚೆಂದ ಇದೆ. ಪೂರಿಮ್ ದಿನ ಯಾರು ಕೈ ಚಾಚಿದರೂ ಕೊಡಬೇಕು, ಇವನು ನಿಜವಾಗಿ ಬಡವನಾ ಅಂತ ವಿಚಾರಣೆ ಮಾಡುವ ಹಾಗಿಲ್ಲ. ಯೆಹೂದಿ ಅಲ್ಲದ ಬಡವರಿಗೂ ಕೊಡುವ ರೂಢಿ ಇರುವ ಊರಲ್ಲಿ ಹಾಗೆಯೇ ಕೊಡಬೇಕು ಅಂತ ಬರೆದಿದೆ. ಬಡವನೂ ಕೊಡಬೇಕು, ಅವನಿಗೂ ಬಿಡುವಿಲ್ಲ. ಕಳಿಸಲು ಏನೂ ಇಲ್ಲದ ಇಬ್ಬರು ಇದ್ದರೆ ತಮ್ಮ ತಮ್ಮ ಊಟವನ್ನೇ ಅದಲು ಬದಲು ಮಾಡಿಕೊಳ್ಳಲಿ ಅಂತ ಹೇಳಿದ್ದಾರೆ. ಹಿಂದೆ ಇಬ್ಬರು ಗುರುಗಳು ಹಾಗೇ ಮಾಡುತ್ತಿದ್ದರಂತೆ. ಇಬ್ಬರಿಗೂ ಒಂದೇ ಊಟ ಸಿಕ್ಕಿತು, ಆದರೆ ಇಬ್ಬರೂ ಕೊಟ್ಟವರಾದರು.

ನಮ್ಮ ಪಕ್ಕದ ಬ್ನೇ ಬ್ರಾಕ್ ಪೂರಿಮ್ ದಿನ ನೋಡಬೇಕು ನೀವು. ಕಟ್ಟುನಿಟ್ಟಾದ ಧಾರ್ಮಿಕರ ಊರು, ವರ್ಷವಿಡೀ ಕಪ್ಪು ಕೋಟು. ಆ ದಿನ ರಸ್ತೆ ತುಂಬ ಪುಟ್ಟ ರಾಜರು, ರಾಣಿಯರು, ಪೊಲೀಸರು. ಹುಡುಗರು ಗುಂಪು ಕಟ್ಟಿಕೊಂಡು ಮನೆಮನೆಗೆ ಬಂದು ಹಾಡಿ ಕುಣಿದು ದಾನಕ್ಕೆ ಹಣ ಎತ್ತುತ್ತಾರೆ. ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಹೋಲೋನ್ ಊರಲ್ಲಿ ದೊಡ್ಡ ಮೆರವಣಿಗೆ ಇರುತ್ತೆ, 'ಅದ್ಲೋಯಾದಾ' ಅಂತ. ಮಕ್ಕಳಿರುವವರು ಅಲ್ಲಿಗೆ ಹೋಗುತ್ತಾರೆ.

ಶಿರ್ವದ_ಹುಡುಗ

ಅಕ್ಕ, ನನ್ನದೊಂದು ಪ್ರಶ್ನೆ. ನಾನೂ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿಗೆ ಬರುವವನಿದ್ದೇನೆ. ನಮಗೆ ಕ್ರೈಸ್ತರಿಗೆ ಆ ಹೊತ್ತಿಗೆ ಈಸ್ಟರ್ ಮೊದಲಿನ ತಪಸ್ಸುಕಾಲ ಇರುತ್ತದಲ್ಲ. ನಾವು ಮಾಂಸ ಬಿಟ್ಟು, ಉಪವಾಸ ಮಾಡಿ, ಶಿಲುಬೆ ಹಾದಿ ಮಾಡುವ ಹೊತ್ತಲ್ಲಿ ಮನೆಯಲ್ಲಿ ಹಾಡು, ಕುಣಿತ, ವೈನ್. ನೀವು ಹೇಗೆ ನಿಭಾಯಿಸುತ್ತೀರಿ?

ಬಜಪೆ_ಅಕ್ಕ

ತಮ್ಮಾ, ಬಹಳ ಸರಿಯಾದ ಪ್ರಶ್ನೆ. ಈ ವರ್ಷವಂತೂ ಅದಾರ್ 1 ಮತ್ತು ನಮ್ಮ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಒಂದೇ ದಿನ, ಫೆಬ್ರವರಿ 18. ಅವರಿಗೆ ಸಂತೋಷ ಹೆಚ್ಚು ಮಾಡುವ ತಿಂಗಳು ಶುರು, ನಮಗೆ ಹಣೆಗೆ ಬೂದಿ. ಹೋದ ವರ್ಷ ಪೂರಿಮ್ ಶುಕ್ರವಾರವೇ ಬಂದಿತ್ತು. ಅವರ ಮೇಜಿನ ಮೇಲೆ ಕೋಳಿ, ನಾನು ತಿನ್ನುವ ಹಾಗಿಲ್ಲ. ಅಮ್ಮನಿಗೆ ಮೊದಲೇ ಹೇಳಿದ್ದೆ, ನಮಗೆ ಇದು ವ್ರತದ ಕಾಲ ಅಂತ. ಅವರು ಮಗಳಿಗೆ ಫೋನ್ ಮಾಡಿ 'ಅವಳಿಗೆ ಮೀನು ತೆಗೆದುಕೊಂಡು ಬಾ' ಅಂದರು. ಬಾಯಿ ಬಿಟ್ಟು ಹೇಳಿದರೆ ಯಾರೂ ಒತ್ತಾಯ ಮಾಡುವುದಿಲ್ಲ.

ಯೋಚಿಸಿದರೆ ಎರಡಕ್ಕೂ ಅಷ್ಟೊಂದು ವಿರೋಧ ಇಲ್ಲ ತಮ್ಮ. ನಮ್ಮ ತಪಸ್ಸುಕಾಲದಲ್ಲಿ ಪ್ರಾರ್ಥನೆ, ಉಪವಾಸ, ದಾನ ಮೂರು ಹೇಳುತ್ತಾರೆ. ಅವರಲ್ಲೂ ಎಸ್ತೇರಳ ಉಪವಾಸ ಇದೆ, ಮೆಗಿಲ್ಲಾ ಇದೆ, ದಾನ ಇದೆ. ಹಬ್ಬಕ್ಕೆ ಮೊದಲು ಅರ್ಧ ಶೆಕೆಲ್ ಕಾಣಿಕೆ ಅಂತಲೂ ಕೊಡುತ್ತಾರೆ. ದೇವಾಲಯ ಇದ್ದ ಕಾಲದಲ್ಲಿ ಅದಾರ್ ಮೊದಲ ದಿನ ಅದನ್ನು ಸಾರುತ್ತಿದ್ದರು, ಶ್ರೀಮಂತನೂ ಬಡವನೂ ಒಂದೇ ಮೊತ್ತ ಕೊಡಬೇಕಿತ್ತು.

ಸಂತೋಷ ಮತ್ತು ದುಃಖ ಒಟ್ಟಿಗೇ ಇರುವುದನ್ನು ಇಲ್ಲಿಯವರು ನಮಗಿಂತ ಚೆನ್ನಾಗಿ ಬಲ್ಲರು. ಅದಾರ್ 7ರಂದು, ಮೋಶೆಯ ಸಮಾಧಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದ ಕಾರಣ, ಹೂಳಿದ ಜಾಗ ಗೊತ್ತಿಲ್ಲದ ಸೈನಿಕರನ್ನು ಈ ದೇಶ ನೆನೆಯುತ್ತದೆ. ಸಂತೋಷದ ತಿಂಗಳ ಒಳಗೇ ಅದು ಬರುತ್ತೆ. 1991ರಲ್ಲಿ ಕೊಲ್ಲಿ ಯುದ್ಧ ನಿಂತದ್ದು ಫೆಬ್ರವರಿ 28ಕ್ಕೆ, ಅವತ್ತೇ ಪೂರಿಮ್. ಇರಾಕಿನ ಕ್ಷಿಪಣಿಗೆ ಹೆದರಿ ವಾರಗಟ್ಟಲೆ ಗ್ಯಾಸ್ ಮಾಸ್ಕ್ ಜೊತೆಗಿಟ್ಟುಕೊಂಡು ಓಡಾಡಿದವರು ಅಂದು ಹಬ್ಬದ ಮುಖವಾಡ ಹಾಕಿಕೊಂಡು ಬೀದಿಗೆ ಬಂದರು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಶಿರ್ವದ_ಹುಡುಗ

ಧನ್ಯವಾದ ಅಕ್ಕ. ನಾವು ಅವರಿಗೆ ಏನಾದರೂ ಕೊಡಬಹುದಾ? ನಮ್ಮಮ್ಮ ಕುಸ್ವಾರ್ ತಿಂಡಿಗಳನ್ನು ಮಾಡಿ ಕಳಿಸುತ್ತೇನೆ ಅಂತಿದ್ದಾರೆ.

ಬಜಪೆ_ಅಕ್ಕ

ಕೊಡಬಹುದು, ಆದರೆ ಕೋಶರ್, ಅಂದರೆ ಯೆಹೂದಿಗಳ ಊಟದ ನಿಯಮ, ಪಾಲಿಸುವ ಮನೆಯಾದರೆ ನಮ್ಮ ಅಡುಗೆಮನೆಯಲ್ಲಿ ಮಾಡಿದ್ದನ್ನು ಅವರು ತಿನ್ನುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೋಶರ್ ಮುದ್ರೆ ಇರುವ ಸೀಲ್ ಆದ ಪ್ಯಾಕೆಟ್ ತಗೋ, ಎರಡು ಬಗೆಯದ್ದು ಇರಲಿ. ನಾನು ಒಣ ಖರ್ಜೂರ ಮತ್ತು ಓಜ್ನೇ ಹಾಮಾನ್ ಕೊಡುತ್ತೇನೆ. ಇದು ಮೂರು ಮೂಲೆಯ ಬಿಸ್ಕತ್ತು, ಒಳಗೆ ಅರೆದ ಗಸಗಸೆ, ಕಪ್ಪಗೆ, ಜೇನು ಹಾಕಿ ಕುದಿಸಿದ್ದು. ಖರ್ಜೂರ, ಚಾಕೊಲೇಟ್ ತುಂಬಿದ್ದೂ ಸಿಗುತ್ತೆ. ಗಸಗಸೆ ಪಾಯಸ ಕುಡಿದು ಬೆಳೆದವರಿಗೆ ಅದರ ರುಚಿ ಕೂಡಲೇ ಹಿಡಿಸುತ್ತೆ.

ಅವರು ಕಳಿಸುವುದೂ ರಾಶಿ ಬರುತ್ತೆ. ಪಾರದರ್ಶಕ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿದ ತಟ್ಟೆಗಳು. ಹಿಂದಿನ ದಿನ ಅಮ್ಮನ ಜೊತೆ ಕೂತು ಕಟ್ಟುವ ಕೆಲಸ ನನ್ನದೇ. ಯಾರ್‍ಯಾರಿಗೆ ಅಂತ ಅಮ್ಮ ಹೆಸರು ಹೇಳುತ್ತಾರೆ. ಬೇರೆ ದಿನ ಮೊಮ್ಮಕ್ಕಳ ಹೆಸರೇ ಮರೆತುಹೋಗುತ್ತೆ ಅವರಿಗೆ, ಆದರೆ ಮೂರನೇ ಮಹಡಿಯ ಒಂಟಿ ಮುದುಕರಿಗೆ ಸಕ್ಕರೆ ಇಲ್ಲದ್ದು ಹಾಕು ಅನ್ನುವುದು ನೆನಪಿರುತ್ತೆ. ಆ ತಟ್ಟೆ ಕೊಡಲು ಹೋದಾಗ ಬಾಗಿಲಲ್ಲೇ ಇಟ್ಟು ಬರಬೇಡ, ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಾ ಅಂತ ನನಗೆ ಅಪ್ಪಣೆ.

ಶಿರ್ವದ_ಹುಡುಗ

ಸರಿ ಅಕ್ಕ. ಅಲ್ಲಿ ಹಬ್ಬಕ್ಕೆ ಹೇಗೆ ಶುಭಾಶಯ ಹೇಳುವುದು?

ಬಜಪೆ_ಅಕ್ಕ

'ಖಗ್ ಪೂರಿಮ್ ಸಮೇಯಾಖ್'. ತಿಂಗಳು ಶುರುವಾದಾಗ 'ಖೋದೆಶ್ ತೋವ್' ಅಂದರೂ ಸಾಕು. ಮೊದಲ ವರ್ಷ ಮನೆಗೆ ಓದುವವರು ಬರುತ್ತಾರಾ ಅಂತ ಹಿಂದಿನ ವಾರವೇ ಮನೆಯವರನ್ನು ಕೇಳಿಟ್ಟುಕೋ, ಕಡೇ ಗಳಿಗೆಯಲ್ಲಿ ಸಿಗುವುದಿಲ್ಲ. ನೀನು ನೋಡಿಕೊಳ್ಳುವವರಿಗೆ ರಾತ್ರಿ ಒಂದು ಸಲ, ಹಗಲು ಒಂದು ಸಲ ಕೇಳಬೇಕಿರುತ್ತೆ. ಮಾತ್ರೆ, ಊಟದ ಸಮಯ ಅದಕ್ಕೆ ಹೊಂದಿಸಿಕೋ. ವೇಷದ ಟೋಪಿ ಏನಾದರೂ ಇದ್ದರೆ ಅವರಿಗೂ ಒಂದು ಹಾಕು, ನೀನೂ ಒಂದು ಹಾಕಿಕೋ. ವೀಸಾ ಬಂದ ಮೇಲೆ ಇಲ್ಲೇ ತಿಳಿಸು, ಯಾವ ಊರಿಗೆ ಬರುತ್ತಿದ್ದೀಯ ಅಂತ.